ನಲವತ್ತೆಂಟು ಎಂದು ಬರೆದಿದ್ದ ಬ್ಯಾಟರಿ

ನನ್ನ ಅಣ್ಣ ಒಂದು ಸ್ಕ್ರೂ ತಿರುಗಿಸಲಾರದೆ ನಿಂತದ್ದನ್ನು ನಾನು ಒಂದು ದಿನ ನೋಡಿದೆ. ಅವನು ಗದ್ವಾಲದ ಬಡಗಿ. ಹೊಸ ಮನೆಗಳಿಗೆ ಬಾಗಿಲು ಕೂಡಿಸುವುದು ಅವನ ಕಸುಬು, ಆ ಕಸುಬಿನಲ್ಲಿ ಅವನಿಗೆ ಸ್ವಲ್ಪ ಸೊಕ್ಕೂ ಇತ್ತು. ತಾನು ಕೂಡಿಸಿದ ಬಾಗಿಲನ್ನು ಒಂದೇ ಬೆರಳಿನಿಂದ ನೂಕಿ, ಅದು ಸದ್ದಿಲ್ಲದೆ ಹೋಗಿ ಚೌಕಟ್ಟಿನಲ್ಲಿ ಕೂತ ಮೇಲೆಯೇ ಮನೆಯವರು ಕೊಟ್ಟ ಚಹಾ ಮುಟ್ಟುತ್ತಿದ್ದ. ಅಂಥವನು ಮಕ್ತಲದ ನಮ್ಮ ಮನೆಯ ಮಹಡಿ ಕೋಣೆಗೆ ಬಾಗಿಲು ಕೂಡಿಸಲು ಬಂದು, ಬಿಜಾಗರಿಯನ್ನು ಅದರ ಜಾಗದಲ್ಲಿಟ್ಟು, ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಹಾಗೇ ನಿಂತುಬಿಟ್ಟ. ಏನೋ ಅಳತೆ ಯೋಚಿಸುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಅವನ ಕತ್ತಿನ ನರ ಉಬ್ಬಿದ್ದು ಕಂಡಿತು. ಸ್ಕ್ರೂ ಮಾತ್ರ ಕದಲಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಅವನು ಒಂದು ಕಟ್ಟಡದ ಸಾರುವೆಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಪಟ್ಟಿ ಬಿಚ್ಚಿದ ಮೇಲೆ ಊಟ ಮಾಡುತ್ತಿದ್ದ, ಸೈಕಲ್ ಮೋಟರು ಓಡಿಸುತ್ತಿದ್ದ, ಗರಗಸ ಎಳೆಯುತ್ತಿದ್ದ. ಎಲ್ಲ ಸರಿಹೋಯಿತೆಂದು ನಾವು ನಂಬಿದ್ದೆವು. ಅವನೂ ಹಾಗೇ ನಂಬಿಸಿದ್ದ.

"ಏನಾತಣ್ಣ?" ಅಂದೆ.

"ಮುಷ್ಟಿ ಹಿಡೀತೈತಿ. ಎತ್ತಾಕ ಬರ್ತೈತಿ. ತಿರುವಾಕ ಮಾತ್ರ ಬರಂಗಿಲ್ಲವಾ," ಅಂದ. ಮುಖ ಗೋಡೆಯ ಕಡೆಗೇ ಇತ್ತು. ಹೇಳಬೇಕಾಗಿದ್ದ ಇನ್ನೊಂದನ್ನೂ ಹೇಳಿಬಿಟ್ಟ. ಅವನ ಹೆಂಡತಿಯ ಕಡೆಯವರು ಮಾನೋಪಾಡಿನಿಂದ ಹೋಗಿ ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ಕಾವಲು ಕೆಲಸಕ್ಕಿದ್ದರು. ಅವರು ಇವನನ್ನೂ ಕರೆದಿದ್ದರಂತೆ. "ಗೇಟ್ ತೆಗಿಯೋದು, ಗೇಟ್ ಹಾಕೋದು. ಅದಕ್ಕ ಕೈ ತಿರುವೋದು ಬೇಕಾಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಊರೆಲ್ಲ ಬಾಗಿಲು ಕೂಡಿಸಿದವನು ಮಂದಿಯ ಕಾರಿಗೆ ಗೇಟು ತೆಗೆಯುತ್ತ ಕೂರುವುದೇ? ಅದೂ ಈಗ! ತೆಲಂಗಾಣ ರಾಜ್ಯ ಬೇರೆಯಾಗಿ, ಗದ್ವಾಲ ಜಿಲ್ಲೆಯಾಗಿ, ಆ ಕಡೆ ಎಲ್ಲಿ ನೋಡಿದರೂ ಮನೆಗಳು ಏಳುತ್ತಿದ್ದವು. ಗಟ್ಟುವಿನಂಥ ಒಣಭೂಮಿಯ ಊರಲ್ಲೂ ಹೊಸ ಸ್ಲ್ಯಾಬುಗಳು ಬಿದ್ದಿದ್ದವು. ಕೆಲಸ ಕಾಲಿಗೆ ತೊಡರುವಷ್ಟಿದ್ದಾಗ ಅವನು ಹೋಗುತ್ತೇನೆ ಅನ್ನುತ್ತಿದ್ದ. ಅವನಿಗೆಂದು ತಂದಿದ್ದ ಚಹಾವನ್ನು ನಾನು ಅಲ್ಲೇ ಕಟ್ಟೆಯ ಮೇಲೆ ಕುಕ್ಕಿ ಕೆಳಗಿಳಿದೆ.

ಕೆಳಗೆ ನಮ್ಮ ಹಾರ್ಡ್‌ವೇರ್ ಅಂಗಡಿ. ನನ್ನ ಗಂಡ ಮೊಳೆ ತೂಗುತ್ತಿದ್ದರು. ಅವರು ನನ್ನಷ್ಟು ಬೇಗ ಕುದಿಯುವವರಲ್ಲ. ಎಲ್ಲ ಕೇಳಿಸಿಕೊಂಡು, "ಕೈ ತಿರುಗದಿದ್ರ ಮಷೀನ್ ತಿರುಗ್ತೈತಿ. ಭಾವಾ ಬರೇ ಹಿಡ್ಕೊಂಡು ನಿಂತ್ರ ಸಾಕು," ಅಂದರು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಎಂಥ ಮಷೀನು? ತಂತಿಯದು ನಡೆಯುವುದಿಲ್ಲ. ಅಣ್ಣ ಬಾಗಿಲು ಕೂಡಿಸುವ ಹೊತ್ತಿಗೆ ಎಷ್ಟೋ ಮನೆಗಳಿಗೆ ಮೀಟರು ಬಂದಿರುವುದಿಲ್ಲ. ಪಕ್ಕದ ಮನೆಯಿಂದ ವೈರು ಎಳೆದರೆ ಮೊದಲ ಮಹಡಿಗೆ ಮುಟ್ಟುವುದಿಲ್ಲ. ಬ್ಯಾಟರಿಯದೇ ಬೇಕು. ತಮಾಷೆಯೆಂದರೆ, ತೆಲಂಗಾಣ ಬಂದ ಮೇಲೆ ಪೇಟೆಯಲ್ಲಿ ಕರೆಂಟು ಹೋಗುವುದೇ ನಿಂತು, ಇನ್ನು ಬ್ಯಾಟರಿ ಸಾಮಾನು ಯಾರಿಗೆ ಬೇಕೆಂದು ನಾವು ಆ ಕಪಾಟನ್ನೇ ಖಾಲಿ ಮಾಡಿ ಬಣ್ಣದ ಡಬ್ಬಿ ಜೋಡಿಸಿದ್ದೆವು.

ಹಾಗಾಗಿ ನಾರಾಯಣಪೇಟೆಗೆ ಹೋದೆ. ಅಲ್ಲಿ ನಮಗೆ ಸಾಮಾನು ಕೊಡುವ ಸಗಟು ವ್ಯಾಪಾರಿಯೊಬ್ಬರಿದ್ದರು. ಬಾಯಲ್ಲಿ ಸದಾ ಅಡಿಕೆ, ಮಾತಿನಲ್ಲಿ ಸದಾ ಉಪದೇಶ. ಬಣ್ಣ ಬಣ್ಣದ ಮಷೀನುಗಳತ್ತ ಕೈ ಚಾಚಿದ ನನ್ನನ್ನು ಅವರು ತಡೆದರು.

"ಅಕ್ಕಾರ, ಮಷೀನ್ ಆಮ್ಯಾಲೆ. ಮೊದ್ಲು ಬ್ಯಾಟ್ರಿ ನೋಡ್ರಿ. ಬ್ಯಾಟ್ರಿ ಕೆಟ್ಟಿದ್ರ ಮಷೀನ್ ಎಂಥಾದಿದ್ರೂ ಆಟದ ಸಾಮಾನ."

ವೋಲ್ಟ್ ಅಂದರೆ ನೂಕುವ ಜೋರು, ಆಂಪಿಯರ್ ಅವರ್ ಅಂದರೆ ಮನೆ ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನುವ ಲೆಕ್ಕ ಎಂದು ಬಿಡಿಸಿ ಹೇಳಿದರು. ಗೋಡೆ ಕೊರೆಯುವವನಿಗೆ ಹದಿನೆಂಟು ವೋಲ್ಟ್ ಬೇಕು, ಬಿಜಾಗರಿಗೆ ಸ್ಕ್ರೂ ಹಾಕುವವನಿಗೆ ಹನ್ನೆರಡು ಧಾರಾಳವಾಯಿತು. ಚಾರ್ಜರಿನಲ್ಲೂ ಎರಡು ಬಗೆ ತೋರಿಸಿದರು. ಒಂದು ಬರೀ ವೈರು ಮತ್ತು ದುಂಡನೆಯ ಪಿನ್ನು. ಇನ್ನೊಂದರಲ್ಲಿ ಬ್ಯಾಟರಿ ಕೂರುವ ಗೂಡಿತ್ತು. ತುಂಬಿದ ಮೇಲೆ ಹಸಿರು ದೀಪ ಹತ್ತಿ, ಕರೆಂಟನ್ನು ತಾನೇ ನಿಲ್ಲಿಸುತ್ತದೆಯಂತೆ. ನಾನು ಒಂದೊಂದೇ ಮಷೀನನ್ನು ಬಲಗೈಯಲ್ಲಿ ಎತ್ತಿ, ಕೈ ಮುಂದೆ ಚಾಚಿ, ತೋಳು ನೋಯುವವರೆಗೆ ಹಿಡಿದು ನೋಡಿದೆ. ಅಂಗಡಿಗೆ ಬಂದವರು ನನ್ನನ್ನು ಹುಚ್ಚಿಯಂತೆ ನೋಡುತ್ತಿದ್ದರು. ನೋಡಲಿ. ಕೊನೆಗೆ ಹನ್ನೆರಡರ ಒಂದು ಹಗುರ ಮಷೀನು, ಗೂಡಿನ ಚಾರ್ಜರು ತರಿಸಿಕೊಡಲು ಹೇಳಿದೆ. ಸರಕು ಹೈದರಾಬಾದಿನಿಂದ ಬರಬೇಕಿತ್ತು, ಕಾಯಿರಿ ಅಂದರು.

ಹನ್ನೆರಡರದೊಂದು ತರಿಸುತ್ತಿದ್ದೇನೆಂದು ಅಣ್ಣನಿಗೆ ಹೇಳಿದ್ದೆ, ಅವನು ಕಾಯಲಿಲ್ಲ. ಮುಂದಿನ ವಾರವೇ ನಮ್ಮ ಅಂಗಡಿಗೆ ಬಂದು, ಗಲ್ಲೆಯ ಮೇಲೆ ಒಂದು ದಪ್ಪ ಪೆಟ್ಟಿಗೆ ಇಟ್ಟು, ಮದುವೆ ಗಂಡಿನ ಕಳೆಯಲ್ಲಿ ನಿಂತ. ಗದ್ವಾಲದ ರಸ್ತೆ ಬದಿ ವ್ಯಾನಿನಲ್ಲಿ ಮಾರುತ್ತಿದ್ದರಂತೆ. "ಇದಿ ಚಾಲಾ ಪವರ್ ಅನ್ನಾ", ಇದಕ್ಕೆ ಬಹಳ ಶಕ್ತಿ ಅಣ್ಣಾ, ಎಂದು ಮಾರುವವನು ತೆಲುಗಿನಲ್ಲಿ ಹೇಳಿದ್ದನ್ನು ಇವನು ಅದೇ ಧಾಟಿಯಲ್ಲಿ ಹೇಳಿ ತೋರಿಸಿದ. ಬ್ಯಾಟರಿಯ ಮೇಲೆ ಅಂಗೈ ಅಗಲಕ್ಕೆ ಹಳದಿ ಅಕ್ಷರದಲ್ಲಿ ನಲವತ್ತೆಂಟು ಅಂತ ಬರೆದಿತ್ತು.

"ತಂಗೀ, ನೀ ಹೇಳಿದ್ದು ಹನ್ನೆರಡು. ಇದು ನಲವತ್ತೆಂಟು!"

ನನ್ನನ್ನು ಒಂದು ಮಾತು ಕೇಳದೆ ತಂದನಲ್ಲ ಎಂದು ಉರಿದುಹೋದೆ. ಎತ್ತಿ ನೋಡಿದರೆ ರುಬ್ಬುಗುಂಡಿನ ಭಾರ. "ಇಷ್ಟು ಭಾರ ಯಾಕಣ್ಣ?" ಅಂದೆ. "ತಾಕತ್ತು ಇದ್ದಲ್ಲಿ ಭಾರ ಇರ್ತೈತವಾ," ಅಂದ. ಅಷ್ಟರಲ್ಲಿ ಅವನು ಒಂದು ಹಲಗೆ ಎಳೆದುಕೊಂಡು ಸ್ಕ್ರೂ ಇಟ್ಟು ಗುಂಡಿ ಒತ್ತಿದ. ಸ್ಕ್ರೂ ಗಿರ್ರನೆ ಒಳಗೆ ಹೋಯಿತು. ಅವನ ಮುಖ ಅರಳಿದ್ದನ್ನು ನೋಡಿ ನಾನೇ ಇನ್ನೊಂದು ಸ್ಕ್ರೂ ತೆಗೆದು ಅವನ ಕೈಗೆ ಕೊಟ್ಟೆ. ಕೆಲಸ ಆಗುತ್ತಿದ್ದರೆ ಸಾಕಲ್ಲ.

ಕೆಲಸ ಆಗುತ್ತಿತ್ತು, ಆದರೆ ಸ್ವಲ್ಪ ದಿನ ಮಾತ್ರ. ಆಮೇಲೆ ಒಂದು ಬಾಗಿಲು ಮುಗಿಯುವುದರೊಳಗೆ ಕೈ ನಡುಗತೊಡಗಿತಂತೆ. ಮಷೀನನ್ನು ಕೆಳಗಿಟ್ಟು ಮಣಿಕಟ್ಟು ಹಿಡಿದುಕೊಂಡು ಕೂರುತ್ತಿದ್ದನಂತೆ. ಗಟ್ಟುವಿನಲ್ಲಿ ಹಿಡಿದಿದ್ದ ಒಂದು ಮನೆಯ ಬಾಗಿಲುಗಳನ್ನು ಅರ್ಧಕ್ಕೇ ಬಿಟ್ಟು ಬಂದ. ಇದನ್ನೆಲ್ಲ ಫೋನಿನಲ್ಲಿ ಹೇಳಿದವಳು ಅವನ ಹೆಂಡತಿ, ನನ್ನ ವೈನಿ. ಅಷ್ಟರಲ್ಲಿ ನಾರಾಯಣಪೇಟೆಯಿಂದ ನಾನು ಹೇಳಿದ್ದ ಮಷೀನು ಬಂದಿತ್ತು. ಅಣ್ಣನಿಗೆ ಫೋನು ಮಾಡಿ ಇದನ್ನು ತಗೊಂಡು ಹೋಗು ಅಂದೆ.

"ಬ್ಯಾಡ ತಂಗೀ. ಅಷ್ಟು ದೊಡ್ಡದು ಇದ್ದೂ ಆಗವಲ್ದು, ನಿನ್ನ ಆ ಸಣ್ಣದರಾಗ ಏನಾಗ್ತೈತಿ? ಕೆಟ್ಟಿದ್ದು ಮಷೀನಲ್ಲ, ನನ್ನ ಕೈ," ಅಂದ. ಹೈದರಾಬಾದಿಗೆ ಹೋಗುವುದು ಖಾತ್ರಿ ಮಾಡಿದ್ದ.

ಅವನ ಕಾಲು ಕಟ್ಟಿಯಾದರೂ ತಡೆಯಬೇಕೆಂದು ಒಂದು ಸೋಮವಾರ ಬೆಳಗಿನ ಬಸ್ಸಿಗೆ ಗದ್ವಾಲಕ್ಕೆ ಹೋದೆ. ಜೂರಾಲದ ಡ್ಯಾಮು ದಾಟುವವರೆಗೂ ಏನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆದರೆ ಹೋದವಳಿಗೆ ವೈನಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಣ್ಣ ಎದುರಿಗೆ ಕೂತ. ಊಟ ಮುಗಿಯಲಿ, ಆಮೇಲೆ ಬೈದರಾಯಿತು ಎಂದು ರೊಟ್ಟಿ ಮುರಿದೆ.

ಊಟದ ನಡುವೆ ಸುಟ್ಟ ಪ್ಲಾಸ್ಟಿಕ್ಕಿನಂಥ ವಾಸನೆ ಬಂತು. ವೈನಿ ಒಲೆ ನೋಡಿದಳು. ಒಲೆಯಲ್ಲಿ ಏನೂ ಇರಲಿಲ್ಲ. ಆಮೇಲೆ ದೇವರ ಜಗಲಿಯ ಕಡೆಯಿಂದ ಹಾವು ಬುಸುಗುಟ್ಟಿದ ಹಾಗೆ ಸದ್ದಾಯಿತು. ನಾವು ತಿರುಗಿ ನೋಡುವುದಕ್ಕೂ ಜಗಲಿಯ ಮೇಲಿಂದ ಉದ್ದನೆಯ ಬೆಂಕಿ ಅಡ್ಡಕ್ಕೆ ಚಿಮ್ಮುವುದಕ್ಕೂ ಸರಿಹೋಯಿತು. ದೀಪದ ಬೆಂಕಿಯಲ್ಲ ಅದು. ಬೆಳ್ಳಗೆ, ಜೋರಾಗಿ, ಯಾರೋ ಊದುತ್ತಿರುವಂತೆ ಬರುತ್ತಿತ್ತು. ದೇವರ ಪರದೆ ಒಂದೇ ಉಸಿರಿಗೆ ಹೊತ್ತಿಕೊಂಡಿತು. ಪಟಗಳ ಗಾಜು ಪಟಪಟ ಒಡೆಯಿತು. ನಾನು ರೊಟ್ಟಿಯ ತುತ್ತು ಕೈಯಲ್ಲಿ ಹಿಡಿದೇ ಕಿರುಚಿದೆ. ಎದ್ದೇಳಬೇಕು ಅನ್ನುವುದೂ ಹೊಳೆಯಲಿಲ್ಲ.

ಅಣ್ಣನೇ ಎದ್ದ. ಮೂಲೆಯಲ್ಲಿ ಹತ್ತಿ ಹೊಲಕ್ಕೆ ಔಷಧ ಹೊಡೆಯುವ ಸ್ಪ್ರೇಯರಿನ ಉದ್ದ ಕೊಳವೆ ಇತ್ತು. ಅದನ್ನು ಹಿಡಿದು, ಉರಿಯುತ್ತಿದ್ದ ವಸ್ತುವನ್ನು ಜಗಲಿಯಿಂದ ಕೆಡವಿ, ನೆಲದ ಮೇಲೆ ತಳ್ಳುತ್ತ ತಳ್ಳುತ್ತ ಅಂಗಳಕ್ಕೆ ಹಾಕಿದ. ವೈನಿ ಕೊಡದ ನೀರೆಲ್ಲ ಪರದೆಗೆ ಸುರಿದಳು. ಅಂಗಳದಲ್ಲಿ ಅದು ಮತ್ತೆ ಮತ್ತೆ ಪಟ್ ಅಂದು ಹಾರಿತು. ಹೊಗೆ ಸರಿದ ಮೇಲೆ ನೋಡಿದರೆ, ಅದು ಆ ನಲವತ್ತೆಂಟರ ಬ್ಯಾಟರಿ.

ಯಾರಿಗೂ ಏನೂ ಆಗಲಿಲ್ಲ. ವೈನಿಯ ಮುಂಗೂದಲು ಸುಟ್ಟು ಸುರುಟಿತ್ತು, ಅಷ್ಟೇ.

ಏನಾಗಿತ್ತೆಂದು ವೈನಿ ಅಳುತ್ತ ಹೇಳಿದಳು. ಮಷೀನಿನ ಜೊತೆ ಬಂದಿದ್ದ ಚಾರ್ಜರಿನ ವೈರು ಹರಿದಿತ್ತು. ಮನೆಯಲ್ಲಿ ಸ್ಪ್ರೇಯರಿನ ಚಾರ್ಜರಿತ್ತು, ಅದನ್ನೇ ಚುಚ್ಚಿದ್ದಳು. ಆ ಸೀಮೆಯಲ್ಲಿ ಹತ್ತಿ ಹಾಕುವ ಯಾವ ಮನೆಗೆ ಹೋದರೂ ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಸ್ಪ್ರೇಯರು, ಅದರ ಚಾರ್ಜರು ಗೂಟಕ್ಕೆ ನೇತಾಡುತ್ತಿರುತ್ತವೆ. ಫೋನಿನ ಚಾರ್ಜರು ಓಣಿಯೆಲ್ಲ ಸುತ್ತುವ ಹಾಗೆ ಅದೂ ಮನೆಯಿಂದ ಮನೆಗೆ ಸುತ್ತುತ್ತದೆ. ಪಿನ್ನು ಹೊಂದಿದರೆ ಮುಗಿಯಿತು. ವೈನಿ ಬರೀ ಪಿನ್ನು ನೋಡಿ ಬಿಟ್ಟವಳೂ ಅಲ್ಲ. ಬ್ಯಾಟರಿಯನ್ನು ತಿರುವಿ ಹಾಕಿ, ತಳದಲ್ಲಿ ಸಾಸಿವೆಯಂಥ ಅಕ್ಷರದಲ್ಲಿ ಹನ್ನೆರಡು ಎಂದು ಬರೆದದ್ದನ್ನು ಹುಡುಕಿದ್ದಳು. ಸ್ಪ್ರೇಯರಿನ ಚಾರ್ಜರಿನ ಮೇಲೂ ಹನ್ನೆರಡು ಅಂತಲೇ ಇತ್ತು.

"ಎರಡರ ಮ್ಯಾಲೂ ಹನ್ನೆರಡು ಐತೆಲ್ಲವಾ! ಮತ್ಯಾಕ ಹಿಂಗಾತು?" ಅಂದಳು.

ಜಗಲಿಯ ಮೇಲೆ ಇಟ್ಟಿದ್ದಕ್ಕೂ ಕಾರಣವಿತ್ತು. ಸೋಮವಾರ ಅವರ ಮನೆಯಲ್ಲಿ ಕೆಲಸದ ಸಾಮಾನೆಲ್ಲ ದೇವರ ಮುಂದೆ ಇಟ್ಟು ವಿಭೂತಿ ಹಚ್ಚಿಯೇ ಹೊರಗೆ ಒಯ್ಯುವುದು. ಉಳಿ, ಗರಗಸದ ಸಾಲಿಗೆ ಮಷೀನೂ ಸೇರಿತ್ತು. ದೇವರ ಕೆಂಪು ಬಲ್ಬಿನ ಪ್ಲಗ್ಗೂ ಅಲ್ಲೇ ಇತ್ತು. ಕೈ ಬೇಗ ವಾಸಿಯಾಗಿ ಗಂಡ ಊರಲ್ಲೇ ಉಳಿಯಲಿ ಎಂದು ಬ್ಯಾಟರಿಗೆ ಅವಳೇ ಮೂರು ಬೊಟ್ಟು ಎಳೆದು ಚಾರ್ಜಿಗೆ ಹಾಕಿದ್ದಳು.

"ದೇವರ ಜಗಲಿ ಮ್ಯಾಲನ ಸುಟ್ಟು ಹೋತು. ಶಿವನಿಗೇ ಬ್ಯಾಡಾಗೈತಿ ಅಂದ ಮ್ಯಾಲೆ ಮುಗೀತು. ಇನ್ನ ಆ ಮಷೀನಿನ ಹೆಸರು ನನ್ನ ಮುಂದ ಎತ್ತಬ್ಯಾಡ್ರಿ," ಎಂದು ಅಣ್ಣನಿಗೆ ಹೇಳಿದಳು. ಅವನು ಕರಿ ಹಿಡಿದ ಗೋಡೆ ನೋಡುತ್ತ ಹೂಂ ಅಂದ. ಜಗಳ ಮಾಡಲು ಹೋಗಿದ್ದ ನಾನು ಗೋಡೆಯ ಕರಿ ಒರೆಸಿಕೊಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಕೈಗೆ ಹೊಗೆಯ ನಾತ ಬರುತ್ತಿತ್ತು.

ಕೆಲವು ದಿನಕ್ಕೆ ಅಣ್ಣ, ವೈನಿ ಇಬ್ಬರೂ ಮಕ್ತಲಕ್ಕೆ ಬಂದರು. ಹೈದರಾಬಾದಿಗೆ ಹೊರಡುವ ಮೊದಲು ಅವನು ತನ್ನ ಸಾಮಾನಿನ ಚೀಲವನ್ನು ನಮ್ಮ ಅಂಗಡಿಯಲ್ಲಿ ಬಿಡಲು ಬಂದಿದ್ದ. "ಯಾರರ ಬಡಿಗ್ಯಾರು ಕೇಳಿದ್ರ ಕೊಟ್ಟುಬಿಡು," ಅಂದ. ನಮ್ಮಪ್ಪನ ಕಾಲದ ಉಳಿಗಳಿದ್ದವು ಅದರಲ್ಲಿ. ಯಾರಿಗಾದರೂ ಕೊಟ್ಟುಬಿಡು ಅಂದನಲ್ಲ ಎಂದು ನಾನು ಚೀಲದ ಬಾಯಿ ಬಿಚ್ಚಿ ಒಂದೊಂದೇ ಹೊರಗೆ ತೆಗೆದೆ. ಚೀಲದ ತಳದಲ್ಲಿ ಆ ಮಷೀನೂ ಅದರ ಪೆಟ್ಟಿಗೆಯಲ್ಲೇ ಬಂದಿದ್ದ ಇನ್ನೊಂದು ನಲವತ್ತೆಂಟರ ಬ್ಯಾಟರಿಯೂ ಇದ್ದವು.

ನನ್ನ ಗಂಡ ಆ ಬ್ಯಾಟರಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಳಗ ಏನೋ ಕಟಕಟ ಅಂತೈತಿ," ಅಂದರು. ವೈನಿ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು. ಇವರು ಅವಸರವಿಲ್ಲದೆ ಅದನ್ನು ಅಂಗಡಿಯ ಮುಂದಿನ ಕಲ್ಲು ಚಪ್ಪಡಿಯ ಮೇಲಿಟ್ಟು, ಪಕ್ಕದಲ್ಲಿ ಒಂದು ಬುಟ್ಟಿ ಉಸುಕು ಇಟ್ಟುಕೊಂಡು, ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರು.

ಅಷ್ಟು ದೊಡ್ಡ ಡಬ್ಬಿಯ ಒಂದು ಮೂಲೆಯಲ್ಲಿ ಬೆರಳು ಗಾತ್ರದ ಮೂರು ಸೆಲ್ಲುಗಳು, ಎರಡು ವೈರು. ಬೆಂಕಿ ಯಾಕೆ ಹತ್ತಿತೆಂದು ಇವರು ಅಲ್ಲೇ ತೋರಿಸಿದರು. ಹೆಚ್ಚು ಕರೆಂಟು ಬಂದರೆ ತಡೆಯಬೇಕಾದ ಸಣ್ಣ ಸರ್ಕ್ಯೂಟ್ ಪಟ್ಟಿಯೇ ಅದರಲ್ಲಿ ಇರಲಿಲ್ಲ. ಸ್ಪ್ರೇಯರಿನದು ಸೀಸದ ಬ್ಯಾಟರಿ, ಅದರ ಚಾರ್ಜರು ಹನ್ನೆರಡು ಅಂತ ಬರೆದಿದ್ದರೂ ಹದಿನಾಲ್ಕರವರೆಗೆ ನೂಕುತ್ತದೆ. ಈ ಲಿಥಿಯಂ ಸೆಲ್ಲುಗಳು ಅಷ್ಟನ್ನು ತಾಳುವುದಿಲ್ಲ. ಹನ್ನೆರಡು ಹನ್ನೆರಡೂ ಒಂದೇ ಅಲ್ಲವೆಂದು ನನಗೂ ಆಗಲೇ ಗೊತ್ತಾದದ್ದು.

ಡಬ್ಬಿಯ ಉಳಿದ ಜಾಗದಲ್ಲಿ ಟೇಪು ಸುತ್ತಿದ ಒಂದು ಗಂಟು ಇತ್ತು. ಇವರು ಟೇಪು ಸುಲಿದರು. ಒಳಗಿದ್ದದ್ದು ಕಬ್ಬಿಣ. ಕಟ್ಟಡಕ್ಕೆ ಹಾಕುವ ಸಲಾಕೆಯನ್ನು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿದ ತುಂಡುಗಳು. ಯಾವ ವೈರೂ ಅವಕ್ಕೆ ಮುಟ್ಟಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಕಬ್ಬಿಣ ಮಾರುತ್ತೇವೆ. ದಿನಾ ನೋಡುತ್ತೇವೆ. ಆದರೂ ಆ ತುಂಡುಗಳನ್ನು ಬಗ್ಗಿ ಬಗ್ಗಿ ನೋಡಿದೆ.

"ಇದನ್ನ ಯಾಕ ಇಟ್ಟಾರ?" ಅಣ್ಣ ಕೇಳಿದ.

"ಕೈಗೆ ಭಾರ ಹತ್ಲಿ ಅಂತ ಭಾವಾ. ಹಗುರಿದ್ರ ಯಾರೂ ನಲವತ್ತೆಂಟು ಅಂತ ನಂಬಂಗಿಲ್ಲ," ಅಂದರು ನನ್ನ ಗಂಡ.

ಅಣ್ಣ ಆ ತುಂಡುಗಳನ್ನು ಬಲಗೈಯಲ್ಲಿ ಎತ್ತಿಕೊಂಡ. ಒಂದಿಷ್ಟು ಹೊತ್ತು ಹಾಗೇ ಹಿಡಿದಿದ್ದ. ಕೈ ನಡುಗತೊಡಗಿತು. ಅವನು ಅದನ್ನೇ ನೋಡುತ್ತಿದ್ದ.

"ಅಂದ್ರ..." ಅಂದ. ಮತ್ತೆ ನನ್ನ ಕಡೆ ತಿರುಗಿ, "ಅಂದ್ರ ನನ್ನ ಕೈ ಸೋತಿದ್ದು ಇದಕ್ಕನಾ?"

ಒಬ್ಬ ಮನುಷ್ಯ ತನ್ನ ಕೈ ಸತ್ತುಹೋಯಿತೆಂದು ನಂಬಿ, ಊರು ಬಿಡಲು ಹೊರಟು, ಅಪ್ಪನ ಉಳಿಗಳನ್ನು ಕೊಡಲು ಬಂದು ನಿಂತಿದ್ದ. ಯಾರೋ ಗುರುತಿಲ್ಲದವರು ಡಬ್ಬಿಯಲ್ಲಿ ತುಂಬಿದ ಕಸದ ಭಾರಕ್ಕೆ! ಆ ವ್ಯಾನಿನವನು ಸಿಕ್ಕಿದ್ದರೆ ಅದೇ ಸಲಾಕೆ ತಗೊಂಡು ಬಾರಿಸುತ್ತಿದ್ದೆ. ಈಗಲೂ ನನಗೆ ಅದು ನಂಬಲಾಗದ ಮಾತು.

ವೈನಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ದಿನಾ ಸಂಜೀಕ ಎಣ್ಣಿ ಕಾಸಿ ತಿಕ್ಕಿದ್ನೆಲ್ಲವಾ. ನರ ಸತ್ತಾವು, ಇನ್ನೀಟು ತಿಕ್ಕು ಅಂತಿದ್ರು. ಅಳಕೊಂತ ತಿಕ್ಕಿದ್ನೆಲ್ಲವಾ," ಅಂದಳು. ಅವಳ ದನಿಯಲ್ಲಿ ಅಳುವಿಗಿಂತ ಗಾಬರಿಯೇ ಹೆಚ್ಚಿತ್ತು.

ನಾನು ಒಳಗೆ ಹೋಗಿ, ನಾರಾಯಣಪೇಟೆಯಿಂದ ಬಂದು ಮೂಲೆ ಸೇರಿದ್ದ ಪೆಟ್ಟಿಗೆ ತಂದೆ. ಬ್ಯಾಟರಿಯನ್ನು ಗೂಡಿನ ಚಾರ್ಜರಿಗೆ ಕೂರಿಸಿ ಸ್ವಿಚ್ಚು ಹಾಕಿದೆ. ಕೆಂಪು ದೀಪ ಹತ್ತಿತು. ವೈನಿ ಬಾಗಿಲ ಹೊರಗೆ ಹೋಗಿ ನಿಂತಳು. ಇದು ಬೇರೆ, ಇದು ತಾನೇ ನಿಲ್ಲುತ್ತದೆ, ಇದರ ಬ್ಯಾಟರಿಗೆ ಇದರದೇ ಚಾರ್ಜರು ಎಂದು ಒಳಗಿನಿಂದಲೇ ಕೂಗಿ ಹೇಳಿದೆ. ಅವಳು ನನ್ನ ಮಾತು ನಂಬಿದಳೆಂದು ನಾನು ಹೇಳಲಾರೆ. ಆದರೆ ಸ್ವಲ್ಪ ಹೊತ್ತಿಗೆ ಒಳಗೆ ಬಂದಳು. ಉಸುಕಿನ ಬುಟ್ಟಿಯನ್ನು ತನ್ನ ಮಗ್ಗುಲಿಗೆ ಎಳೆದುಕೊಂಡು ಚಾರ್ಜರಿನ ಮುಂದೆ ಕೂತಳು.

"ದೀಪ ಹಸಿರಾಗೋತನಕ ನಾ ಇಲ್ಲೇ ಕುಂದರ್ತೀನಿ. ನೀವೆಲ್ಲ ಚಾ ಕುಡೀರಿ," ಅಂದಳು.

ನಾವ್ಯಾರೂ ಚಹಾ ಕುಡಿಯಲಿಲ್ಲ. ಗಿರಾಕಿಗಳು ಬಂದು ಹೋದರು. ಅವಳು ಕಣ್ಣು ಕೀಳಲಿಲ್ಲ. ದೀಪ ಹಸಿರಾದ ಕೂಡಲೇ ಮೊದಲು ಸ್ವಿಚ್ಚು ತೆಗೆದಳು, ಆಮೇಲೆ ಪ್ಲಗ್ಗು ಕಿತ್ತಳು, ಆಮೇಲೆ ಜ್ವರ ನೋಡುವ ಹಾಗೆ ಅಂಗೈ ಹಿಂಬದಿಯಿಂದ ಬ್ಯಾಟರಿಯನ್ನು ಮುಟ್ಟಿ ನೋಡಿದಳು. ತಾನೇ ಎತ್ತಿ ಗಂಡನ ಕೈಗೆ ಕೊಟ್ಟಳು.

ಅಣ್ಣ ಅದನ್ನು ಮಷೀನಿಗೆ ಸಿಕ್ಕಿಸಿ, ಬಲಗೈಯಲ್ಲಿ ಹಿಡಿದು, ಬಾಗಿಲಿಗೆ ಹಿಡಿಯುವಂತೆ ತೋಳು ಮುಂದಕ್ಕೆ ಚಾಚಿದ. ಗುಂಡಿ ಒತ್ತಲಿಲ್ಲ. ಸುಮ್ಮನೆ ಹಿಡಿದು ನಿಂತ. ನಡುಕ ಬರುವುದನ್ನು ಕಾಯುತ್ತಿದ್ದಾನೆಂದು ನಮಗೆ ಮೂವರಿಗೂ ಗೊತ್ತಾಯಿತು. ನಾವೂ ಆ ಮಣಿಕಟ್ಟನ್ನೇ ನೋಡುತ್ತ ನಿಂತೆವು. ನಡುಕ ಬರಲಿಲ್ಲ.

"ಸಾಕು, ಇಳಸ್ರಿ ಕೈ," ಅಂದಳು ವೈನಿ.

"ತಡಿ, ಇನ್ನೊಂದೀಟು ನೋಡೂಣು," ಅಂದ ಅಣ್ಣ. ಅರ್ಧ ಕಿಲೋ ಮೊಳೆ ಕೇಳಿಕೊಂಡು ಬಂದ ಗಿರಾಕಿ ಅವನ ಚಾಚಿದ ಕೈಯ ಕೆಳಗೆ ಬಗ್ಗಿ ಒಳಗೆ ಬರಬೇಕಾಯಿತು. ಅವನು ಕೈ ಇಳಿಸಲಿಲ್ಲ.